ಸಿಲ್ವರ್ ಮರ ಕೊಡುವ ಮುಂಚೆ ಬುಡ ನೋಡಿಕೊಳ್ಳಿ

ಮನೆ ಮೈಸೂರಿನಲ್ಲಿ, ಕಾಫಿ ತೋಟ ಕೊಡಗಿನಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕುವೆಂಪುನಗರ, ಸರಸ್ವತಿಪುರಂ ಕಡೆ ಅಂಥ ಮನೆಗಳು ಬೇಕಾದಷ್ಟಿವೆ. ಕುಯ್ಲು ಮುಗಿದು ಫೆಬ್ರವರಿ ಬಂತೆಂದರೆ, ಕಾಫಿಗೆ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರ ಕೇಳಿಕೊಂಡು ಮರದ ವ್ಯಾಪಾರದವರ ಫೋನು ಶುರು. "ಸಾರ್, ಸಿಲ್ವರಿಗೆ ಈಗ ಒಳ್ಳೆ ರೇಟಿದೆ, ಪ್ಲೈವುಡ್‌ನವರು ಕೇಳ್ತಾ ಇದ್ದಾರೆ."

ನಮ್ಮದು ಮಾದಾಪುರ ಕಡೆ ತಾತ ಮಾಡಿದ ಅರೇಬಿಕಾ ಕಾಫಿ ತೋಟ. ಅಣ್ಣ, ನಾನು ಇಲ್ಲಿ. ಅಲ್ಲಿ ಚಿಕ್ಕಪ್ಪ ಒಬ್ಬರೇ. ಹುಣಸೂರು ಕಡೆಯ ಕಂಟ್ರಾಕ್ಟರ್ ಒಬ್ಬ ಬಂದು ನೋಡಿ, ದಪ್ಪನೆಯ 90 ಮರಕ್ಕೆ ಎದೆಮಟ್ಟದಲ್ಲಿ ಕೆಂಪು ಪೇಂಟ್ ಹೊಡೆದ. ಛಾಪಾ ಕಾಗದ ಆಯಿತು, ಮುಂಗಡವೂ ಬಂತು.

ಮೋಸ ಇದ್ದದ್ದು ಆ ಪೇಂಟಿನಲ್ಲೇ. ಗುರುತು ಎದೆಮಟ್ಟದಲ್ಲಿ, ಕೊಯ್ಯುವುದು ನೆಲಮಟ್ಟದಲ್ಲಿ. ಗುರುತು ದಿಮ್ಮಿಯ ಜೊತೆ ಲಾರಿ ಹತ್ತಿ ಹೋಗುತ್ತದೆ. ಯಾವ ಬುಡ ಲೆಕ್ಕದ್ದು, ಯಾವುದು ಕದ್ದದ್ದು ಅಂತ ಆಮೇಲೆ ಬ್ರಹ್ಮ ಬಂದರೂ ಹೇಳಲಾರ. ಬುಡಗಳ ಮೇಲೆ ಸೊಪ್ಪು ಎಳೆದು ಮುಚ್ಚಿದ್ದರು. ಅದು ಒಣಗಿದ ಮೇಲೆ ಚಿಕ್ಕಪ್ಪ ಎಣಿಸಿದರೆ 151. ಕೇಳಿದ್ದಕ್ಕೆ "ಉಳಿದಿದ್ದು ಗಾಳಿಗೆ ಬಿದ್ದಿದ್ದು ಸಾರ್" ಎಂದ. ಫೆಬ್ರವರಿಯಲ್ಲಿ ಯಾವ ಗಾಳಿಯಪ್ಪಾ! ಆಮೇಲೆ ಫೋನೇ ಎತ್ತಲಿಲ್ಲ. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ, ಕೆಳಗೆ ನಜ್ಜುಗುಜ್ಜಾದ ಕಾಫಿ ಗಿಡ, ಇವುಗಳಿಗೆ ಲೆಕ್ಕವೇ ಇಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ವರ್ಷ. ಅರೇಬಿಕಾಗೆ ನೆರಳು ಹೋಯಿತೆಂದರೆ ಬಿಳಿ ಕಾಂಡಕೊರಕ ಎಂಬ, ಕಾಂಡ ಕೊರೆಯುವ ದುಂಬಿಗೆ ಬಾಗಿಲು ತೆರೆದ ಹಾಗೆ. ಆ ದುಂಬಿ ಏಪ್ರಿಲ್ ಹೊತ್ತಿಗೂ, ಮಳೆಗಾಲ ಮುಗಿದು ಅಕ್ಟೋಬರ್ ಮೇಲೂ ಹಾರುತ್ತದೆ; ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ತಿಂಗಳುಗಟ್ಟಲೆ ಒಳಗೇ ಇರುವುದರಿಂದ ಮೊದಲು ಏನೂ ಗೊತ್ತಾಗುವುದಿಲ್ಲ. ನಮ್ಮ ತೋಟದಲ್ಲಿ ಬೋಳಾದ ಮೂಲೆಯ ಗಿಡಗಳ ಎಲೆ ಹಳದಿಗೆ ತಿರುಗಿ ಜೋತುಬಿದ್ದವು. ಕಾಂಡ ಸವರಿದರೆ ತೊಗಟೆಯ ಮೇಲೆ ಸುತ್ತ ಉಬ್ಬು ಕೈಗೆ ಸಿಗುತ್ತಿತ್ತು. ಅಣ್ಣ ಒಂದನ್ನು ಸೀಳಿದ. ಒಳಗೆ ಸುರಂಗ, ಅದರ ತುಂಬ ಗಟ್ಟಿಯಾಗಿ ತುರುಕಿದ ಮರದ ಹುಡಿ, ತುದಿಯಲ್ಲಿ ಬೆಳ್ಳಗಿನ ಹುಳು. ಅಂಥ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡುವುದೇ. ಹೊಸದು ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ. ಉಳಿದವಕ್ಕೆ ತೊಗಟೆ ಉಜ್ಜಿ, ಶೇಕಡ 10ರ ಸುಣ್ಣದ ನೀರು ಬಳಿದಿದ್ದೇವೆ.

ಇನ್ನೊಂದು ಗ್ರಹಚಾರ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರಿಗೆ ವಿನಾಯಿತಿ ಇದೆ, ಕಡಿಯಲು ಅನುಮತಿ ಬೇಡ. ಹೊನ್ನೆ, ನಂದಿಯಂಥ ಕಾಡುಮರಗಳಿಗೆ ಬೇಕು. ಸಿಲ್ವರ್ ಗದ್ದಲದಲ್ಲಿ ನಮ್ಮದೊಂದು ಹೊನ್ನೆಯೂ ಹೋಗಿತ್ತು. ಅರಣ್ಯ ಇಲಾಖೆಯವರು ಮೊದಲು ಕೇಳುವುದು ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೆಸರಿರುವವರನ್ನು, ಲಾರಿಯವನನ್ನಲ್ಲ. ಚಿಕ್ಕಪ್ಪ ಈ ವಯಸ್ಸಿನಲ್ಲಿ ಹೇಳಿಕೆ ಕೊಡಲು ಅಲೆದರು.

ಕೊಡಲೇಬೇಕಾದರೆ ಪ್ರತಿ ಮರಕ್ಕೂ ಎದೆಮಟ್ಟದಲ್ಲೂ ಬುಡದಲ್ಲೂ ಒಂದೇ ನಂಬರ್ ಬರೆಸಿ, ಬುಡದ್ದು ನೆಲಕ್ಕೆ ಅಂಟಿದಂತಿರಲಿ. ಪೇಂಟ್ ಡಬ್ಬ ನಿಮ್ಮ ಕೈಯಲ್ಲಿರಲಿ. ಫೋಟೋ ತೆಗೆದು ಪಟ್ಟಿಯನ್ನು ಕಾಗದಕ್ಕೆ ಲಗತ್ತಿಸಿ. ಒಂದೇ ಕಡೆ ಬೋಳಾಗದಂತೆ ತೋಟದ ತುಂಬ ಅಲ್ಲೊಂದು ಇಲ್ಲೊಂದು ಆರಿಸಿ. ಕೊಂಬೆ ಸವರಿ, ಹಗ್ಗ ಕಟ್ಟಿ ಬೀಳಿಸುವ ಷರತ್ತು, ಬಳ್ಳಿ ಮತ್ತು ಗಿಡಕ್ಕೆ ಪರಿಹಾರ, ಎರಡೂ ಬರಹದಲ್ಲಿರಲಿ. ಬುಡ ಎಣಿಸಿ, ಬಾಕಿ ಹಣ ಕೈಗೆ ಬರುವವರೆಗೆ ಕೊನೆಯ ಲಾರಿ ಗೇಟು ದಾಟಬಾರದು.

ಅದೇ ಮನುಷ್ಯ ಈ ವರ್ಷ ಪಕ್ಕದ ತೋಟಕ್ಕೆ ಬಂದಿದ್ದ. ಅವರು ಬುಡಕ್ಕೂ ನಂಬರ್ ಹಾಕಿಸಬೇಕು ಅಂದರಂತೆ. ನಾಳೆ ಬರ್ತೀನಿ ಅಂತ ಹೋದವನು ಪತ್ತೆಯಿಲ್ಲ.