ದೆಹಲಿ ನಂಬರಿನ ಏಳು ಸೀಟಿನ ಗಾಡಿಗೆ ಮುಂಗಡ ಕೊಡುವ ಮುನ್ನ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೂಡುಕುಟುಂಬಗಳಲ್ಲಿ ಏಳು ಸೀಟಿನ ಎಸ್‌ಯುವಿಯ ಮಾತು ಈಗ ಸಾಮಾನ್ಯವಾಗಿದೆ. ಅಪ್ಪ ಅಮ್ಮ, ಅಣ್ಣ ಅತ್ತಿಗೆ, ಮಕ್ಕಳು ಎಲ್ಲರೂ ಒಟ್ಟಿಗೆ ಕೈವಾರಕ್ಕೋ ತಿರುಪತಿಗೋ ಹೊರಡಬೇಕಾದರೆ ಸಣ್ಣ ಕಾರು ಸಾಲುವುದಿಲ್ಲ. ಹೊಸ ಗಾಡಿಯ ಬೆಲೆಯಾದರೋ ರೇಷ್ಮೆ ಮತ್ತು ಹಾಲಿನ ಆದಾಯ ನಂಬಿದ ಮನೆಗಳಿಗೆ ಎಟುಕುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತೇವೆ, ಹುಡುಕುವಾಗ ದೆಹಲಿ ನೋಂದಣಿಯ ಡೀಸೆಲ್ ಗಾಡಿಗಳು ಕಣ್ಣಿಗೆ ಬೀಳುತ್ತವೆ. ಅದೇ ಮಾದರಿಯ, ಅದೇ ವರ್ಷದ ಕೆಎ 40 ನಂಬರಿನ ಗಾಡಿಗಿಂತ ಅವುಗಳ ಬೆಲೆ ಎದ್ದು ಕಾಣುವಷ್ಟು ಕಡಿಮೆ. ನಮ್ಮ ಮನೆಗೂ ಬಂದದ್ದು ಅಂಥದೇ ಒಂದು ಗಾಡಿ.

ಈ ಅಗ್ಗಕ್ಕೆ ನ್ಯಾಯವಾದ ಕಾರಣವೂ ಇದೆ. ದೆಹಲಿ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕಿರುವುದರಿಂದ, ಅಲ್ಲಿ ಏಳೆಂಟು ವರ್ಷಕ್ಕೇ ಮುದಿಯಾದ ಗಾಡಿ ಇಲ್ಲಿ ಇನ್ನೂ ಅಷ್ಟೇ ವರ್ಷ ಓಡಬಲ್ಲದು. ಎಂಜಿನ್ ಚೆನ್ನಾಗಿರುವ ಗಾಡಿಯೂ ಅಲ್ಲಿಂದ ಬರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮನ್ನು ನುಂಗಿದ್ದು ಎಂಜಿನ್ ಅಲ್ಲ, ಕಾಗದಪತ್ರ.

ಬೆಂಗಳೂರಿನ ಹೊರವಲಯದ ಒಂದು ಹಳೆಯ ಕಾರುಗಳ ಮಳಿಗೆಯಲ್ಲಿ ವ್ಯವಹಾರ ನಡೆಯಿತು. "ಸಾರ್, ಎನ್‌ಒಸಿ, ಟ್ಯಾಕ್ಸ್, ಹೆಸರು ಬದಲಾವಣೆ ಎಲ್ಲಾ ನಾವೇ ಮಾಡಿಸಿಕೊಡ್ತೀವಿ, ನೀವು ಗಾಡಿ ತಗೊಂಡು ಹೋಗಿ" ಎಂದು ಮಾಲೀಕರು ಅಣ್ಣನಿಗೆ ಹೇಳಿದರು. ಹಳೆಯ ಮಾಲೀಕರ ಸಹಿಯಿದ್ದು ಉಳಿದೆಲ್ಲ ಖಾಲಿಯಿದ್ದ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಹಣ ಪೂರ್ತಿ ಸಂದಾಯವಾದ ಮೇಲೆ ಕೈಗೆ ಬಂದ ರಸೀದಿಯಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಾಟ" ಎಂಬ ಸಾಲಿತ್ತು; ಬಾಯಿಮಾತಿನಲ್ಲಿ ಒಪ್ಪಿಕೊಂಡ ಯಾವುದೂ ಅದರಲ್ಲಿ ಇರಲಿಲ್ಲ.

ಮೊದಲ ಪೆಟ್ಟು ತೆರಿಗೆಯದು. ಕರ್ನಾಟಕದಲ್ಲಿ ಖಾಸಗಿ ಕಾರುಗಳ ಜೀವಿತಾವಧಿ ತೆರಿಗೆ 5 ಲಕ್ಷ ರೂಪಾಯಿವರೆಗಿನ ಬೆಲೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದಕ್ಕಿಂತ ಮೇಲೆ ಶೇ. 18 ಇದ್ದು, ಆ ತೆರಿಗೆಯ ಮೇಲೆ ಶೇ. 11ರಷ್ಟು ಸೆಸ್ ಬೇರೆ ಸೇರುತ್ತದೆ. ಹೊರರಾಜ್ಯದ ಹಳೆಯ ಗಾಡಿಗೆ ವಯಸ್ಸಿನ ಲೆಕ್ಕದಲ್ಲಿ ಕಡಿತ ಉಂಟು. ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹೊಸದರಲ್ಲಿ 16 ಲಕ್ಷವಿದ್ದ ಎಸ್‌ಯುವಿಯನ್ನು ನೀವು 8 ಲಕ್ಷಕ್ಕೆ ಕೊಂಡಿದ್ದರೂ ಪೂರ್ಣ ತೆರಿಗೆ 2.72 ಲಕ್ಷ, ಸೆಸ್ ಸೇರಿ 3 ಲಕ್ಷ ದಾಟುತ್ತದೆ. ವಯಸ್ಸಿನ ಕಡಿತ ಶುರುವಾಗುವುದು ಅಲ್ಲಿಂದ. ಮಳಿಗೆಯವರು ನಮಗೆ ಹೇಳಿದ್ದ ಅಂದಾಜು 8 ಲಕ್ಷದ ಲೆಕ್ಕದ್ದು. ಅದೂ ಅವರೇ ಕಟ್ಟುವುದೆಂಬ ಮಾತು ಹಣ ಕೈ ಸೇರಿದ ಮೇಲೆ ಮಾಯವಾಯಿತು.

ತೆರಿಗೆಯ ಬಗ್ಗೆ ಕೇಳಿದಾಗಲೆಲ್ಲ ಅವರು ಕೊಡುತ್ತಿದ್ದ ಸಮಾಧಾನ, "ಒಂದು ವರ್ಷ ಹಾಗೇ ಓಡಿಸಿ, ಕಾನೂನಿನಲ್ಲೇ ಅವಕಾಶ ಇದೆ" ಎಂಬುದು. ಈ ಮಾತು ಅರ್ಧ ಸತ್ಯವಾಗಿರುವುದರಿಂದಲೇ ಹೆಚ್ಚು ಅಪಾಯಕಾರಿ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವ 12 ತಿಂಗಳು, ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕೆಲಸದ ಮೇಲೆ ತನ್ನ ಗಾಡಿಯೊಡನೆ ಇಲ್ಲಿಗೆ ಬಂದವನಿಗೆ ಅದು ಉಪಯೋಗವಾಗುತ್ತದೆ. ಗಾಡಿ ಕೈ ಬದಲಾದಾಗ ಅನ್ವಯಿಸುವುದು 50ನೇ ಸೆಕ್ಷನ್, ಅದರ ಪ್ರಕಾರ ಕೊಂಡವರು 30 ದಿನಗಳೊಳಗೆ ತಮ್ಮ ವ್ಯಾಪ್ತಿಯ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಮಾರಾಟಗಾರರಿಗೆ ಈ ವ್ಯತ್ಯಾಸ ಗೊತ್ತಿಲ್ಲವೆಂದು ನಂಬುವುದು ನನಗಂತೂ ಕಷ್ಟ.

ಎರಡನೆಯದು ಎನ್‌ಒಸಿ, ಇದೇ ನಮ್ಮನ್ನು ಹೆಚ್ಚು ಅಲೆಸಿದ್ದು. ದೆಹಲಿಯ ಸಾರಿಗೆ ಕಚೇರಿ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಕೊಡದೆ ಚಿಕ್ಕಬಳ್ಳಾಪುರದ ಆರ್‌ಟಿಒ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ, ಇಡಬಾರದು ಕೂಡ. ಪತ್ರವೇಕೆ ಬರಲಿಲ್ಲವೆಂದು ಸರ್ಕಾರದ ವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ, ಗಾಡಿಯ ಮೇಲೆ ಒಂದು ಸಾಲ ಸಂಸ್ಥೆಯ ಹೈಪೋಥಿಕೇಷನ್, ಅಂದರೆ ಸಾಲಕ್ಕೆ ಗಾಡಿಯನ್ನು ಅಡವಿಟ್ಟ ನಮೂದು, ಇನ್ನೂ ಹಾಗೇ ಇತ್ತು. ಸಾಲ ತೀರಿತ್ತು; ಆದರೆ ಸಾಲ ತೀರಿದ್ದಕ್ಕೂ ಆರ್‌ಸಿಯಿಂದ ಅದರ ನಮೂದು ಹೋಗುವುದಕ್ಕೂ ನಡುವೆ ಫಾರಂ 35 ಇದೆ, ಅದಕ್ಕೆ ಸಾಲ ಕೊಟ್ಟವರ ಸಹಿ ಮತ್ತು ನೋಂದಾಯಿತ ಮಾಲೀಕರ ಸಹಿ ಎರಡೂ ಬೇಕು. ಆನ್‌ಲೈನಿನಲ್ಲಿ ಹಾಕೋಣವೆಂದರೆ ಒಟಿಪಿ ಹೋಗುವುದು ಹಳೆಯ ಮಾಲೀಕರ ಮೊಬೈಲಿಗೆ. ಅವರು ಗಾಡಿಯನ್ನು ದೆಹಲಿಯ ಒಬ್ಬ ದಲ್ಲಾಳಿಗೆ ಕೊಟ್ಟು ಮರೆತಿದ್ದರು. ಆ ದಲ್ಲಾಳಿ ಇನ್ನೊಬ್ಬನಿಗೆ, ಆ ಇನ್ನೊಬ್ಬ ನಮ್ಮ ಮಳಿಗೆಗೆ. ನಡುವಿನ ಯಾರ ಹೆಸರೂ ಯಾವ ದಾಖಲೆಯಲ್ಲೂ ಇಲ್ಲ.

ಕೊನೆಗೆ ಆ ಹಳೆಯ ಮಾಲೀಕರು ಸಹಕರಿಸಿದ್ದಕ್ಕೆ ಕಾರಣ ಕಾನೂನು. ವರ್ಗಾವಣೆ ದಾಖಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಫೋನಿನಲ್ಲಿ ವಿವರಿಸಿದಾಗ, ಅಲ್ಲಿಯವರೆಗೆ ನಮ್ಮನ್ನೇ ಮೋಸಗಾರರೆಂದು ಶಂಕಿಸಿದ್ದ ಅವರು ಮರುದಿನವೇ ಕಾಗದಗಳಿಗೆ ಸಹಿ ಹಾಕಿ ಕಳಿಸಿದರು. ಗಾಡಿ ಮಾರುವವರೂ ಇದನ್ನು ಗಮನಿಸಬೇಕು.

ಈ ನಡುವೆ ಚಿಂತಾಮಣಿ ರಸ್ತೆಯಲ್ಲಿ ಒಂದು ಟೊಮ್ಯಾಟೊ ಲಾರಿ ಹಿಂದಕ್ಕೆ ಸರಿದು ನಮ್ಮ ಬಂಪರ್, ರೇಡಿಯೇಟರ್ ಎರಡನ್ನೂ ಒಡೆಯಿತು. ವಿಮಾ ಪತ್ರಕ್ಕೆ ಇನ್ನೂ ಅವಧಿಯಿತ್ತು, ಆದರೆ ಅದು ಹಳೆಯ ಮಾಲೀಕರ ಹೆಸರಿನಲ್ಲಿತ್ತು. ಮೂರನೆಯವರಿಗಾಗುವ ಹಾನಿಯ ರಕ್ಷಣೆ ಗಾಡಿಯೊಡನೆ ತಾನಾಗಿ ಕೊಂಡವರಿಗೆ ಬರುತ್ತದೆ. ಗಾಡಿಗೇ ಆದ ಹಾನಿಯ ರಕ್ಷಣೆ ಹಾಗಲ್ಲ, ಅದಕ್ಕೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಂಡಿರಬೇಕು. ಕ್ಲೇಮ್ ತಿರಸ್ಕೃತವಾಯಿತು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದ ವರ್ಷಗಳಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ನಮಗೆ ದಕ್ಕುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದು, ಗಾಡಿಗಲ್ಲ. "ವಿಮೆ ಇನ್ನೂ ಇದೆ ಸಾರ್" ಎಂದು ಮಾರುವಾಗ ಹೇಳುವ ಮಾತಿನ ಬೆಲೆ ಇಷ್ಟೇ.

ಗಾಡಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಬ್ಬರೇ ಕುಳಿತು ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಏಳು ಸೀಟಿನ ಗಾಡಿಯ ಗುಣ ತಿಳಿಯುವುದಿಲ್ಲ. ಏಳು ಜನರನ್ನೂ ಕೂರಿಸಿ ನಂದಿ ಬೆಟ್ಟದ ತಿರುವು ಹತ್ತಿಸಿದಾಗ ಕ್ಲಚ್ ತನ್ನ ಕಥೆ ಹೇಳುತ್ತದೆ. ಹಿಂದಿನ ಸಾಲಿನ ಬೆಲ್ಟುಗಳನ್ನು ಪೂರ್ತಿ ಎಳೆದು ನೋಡಿ, ಕೆಸರಿನ ಗೆರೆಯಿದ್ದರೆ ಗಾಡಿ ನೀರಿನಲ್ಲಿ ನಿಂತದ್ದೆಂದು ಅರ್ಥ. ಮೂರನೇ ಸಾಲನ್ನು ಎಬ್ಬಿಸಿದ ಮೇಲೆ ಹಿಂದೆ ಉಳಿಯುವ ಜಾಗದಲ್ಲಿ ಎರಡು ಬ್ಯಾಗಿಗಿಂತ ಹೆಚ್ಚು ಹಿಡಿಯುವುದಿಲ್ಲ, ತಿರುಪತಿಗೆ ಏಳು ಜನ ಹೊರಟರೆ ಸಾಮಾನು ತೊಡೆಯ ಮೇಲೆಯೇ.

ಇಷ್ಟನ್ನೂ ತಡೆಯಬಹುದಾಗಿದ್ದ ಒಂದು ಕಾಗದವಿದೆ, ಅದರ ಹೆಸರು ನಮ್ಮ ಕಡೆ ಬಹಳ ಜನ ಕೇಳಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಕೇಂದ್ರ ನಿಯಮಗಳ ಪ್ರಕಾರ ಹಳೆಯ ವಾಹನ ಮಾರುವ ವ್ಯಾಪಾರಿ ಆರ್‌ಟಿಒದಿಂದ ಫಾರಂ 29-ಬಿ ಎಂಬ ಅಧಿಕಾರ ಪ್ರಮಾಣಪತ್ರ ಪಡೆಯಬೇಕು. ಮಾಲೀಕರು ಗಾಡಿಯನ್ನು ಅವರಿಗೆ ಒಪ್ಪಿಸಿದ್ದನ್ನು ಫಾರಂ 29-ಸಿಯಲ್ಲಿ ತಿಳಿಸಬೇಕು. ಹಾಗೆ ಒಪ್ಪಿಸಿದ ಗಾಡಿಗೆ ವ್ಯಾಪಾರಿಯನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ, ಎನ್‌ಒಸಿ ಮತ್ತು ವರ್ಗಾವಣೆಗೆ ಅವರೇ ಅರ್ಜಿ ಹಾಕಬಹುದು, ಹೊಣೆಯೂ ಅವರದೇ. ನಮ್ಮ ಮಳಿಗೆಯವರನ್ನು 29-ಬಿ ಕೇಳಿದಾಗ ಜಿಎಸ್‌ಟಿ ನೋಂದಣಿಯ ಪ್ರತಿ ತೋರಿಸಿದರು. ಅವೆರಡಕ್ಕೂ ಸಂಬಂಧವಿಲ್ಲ.

ಈಗ ನಾವು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸಿದ್ದೇವೆ. ಕೊಟ್ಟ ಮೊತ್ತ 50 ಲಕ್ಷ ಮೀರದ ವ್ಯವಹಾರಗಳು ಅಲ್ಲಿಗೇ ಬರುತ್ತವೆ, ಎರಡು ವರ್ಷದೊಳಗೆ ಹೋಗಬೇಕು. ದೂರಿಗೆ ಆಧಾರವಾಗಿ ಉಳಿದಿರುವುದು ವಾಟ್ಸಾಪಿನಲ್ಲಿ ಅವರು ಕಳಿಸಿದ್ದ "ಟ್ಯಾಕ್ಸ್ ನಮ್ಮದು" ಎಂಬ ಒಂದು ಧ್ವನಿ ಸಂದೇಶ ಮಾತ್ರ. ಇದನ್ನು ಓದುವವರು ಇಂಥ ಗಾಡಿಯ ಮುಂದೆ ನಿಂತಿದ್ದರೆ, 29-ಬಿ ಪ್ರತಿ ಮತ್ತು ಹೈಪೋಥಿಕೇಷನ್ ಇಲ್ಲದ ಆರ್‌ಸಿ ಕೈಗೆ ಬರುವವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ, ತೆರಿಗೆಯಷ್ಟು ಮೊತ್ತವನ್ನು ಕೆಎ ನಂಬರ್ ಬರುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಕರಾರಿನಲ್ಲೇ ಬರೆಸಿ. ಒಪ್ಪದಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ನಮ್ಮದೇ ಜಿಲ್ಲೆಯ ನಂಬರಿನ ಗಾಡಿ ನೋಡಿ.