ಆ ಕೆಂಪು ಸ್ಪಿಟ್‌ಫೈರ್ ಫೋಟೋ ನಂಬಬೇಡಿ, ಅದನ್ನು ತಿದ್ದಿದವನು ನಾನೇ

ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಕೋಟೆ ಕೆರೆ ದಂಡೆಯಲ್ಲಿ ನಿಂತಿರುವ ಕೆಂಪು ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಫೋಟೋ ನಿಮ್ಮ ವಾಟ್ಸಾಪಿಗೆ ಬಂದಿದ್ದರೆ ದಯವಿಟ್ಟು ಮುಂಗಡ ಕೊಡಬೇಡಿ. ಆ ಫೋಟೋ ತೆಗೆದವನು ನಾನು. ತಿದ್ದಿದವನೂ ನಾನು. ಆ ಕಾರು ಹಾಗಿಲ್ಲ.

ಬರೆಯಲೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ಬರೆದರೆ ನನ್ನ ಹೆಸರೂ ಕೆಡುತ್ತದೆ, ಅಲ್ವಾ? ಆದರೆ ನಿನ್ನೆ ಅದೇ ಫೋಟೋ ಮತ್ತೊಂದು ಗ್ರೂಪಿನಲ್ಲಿ ಬಂತು. ಕೆಳಗೆ ಹೊಸ ರೇಟು ಬೇರೆ. ಇನ್ನು ಸುಮ್ಮನಿರಲು ಆಗುವುದಿಲ್ಲ.

ನನ್ನದು ಮದುವೆ, ಸೀಮಂತದ ಫೋಟೋ ಕೆಲಸ. ಹೊಟ್ಟೆಪಾಡು ಅದರಿಂದಲೇ. ಹಳೆಯ ಸ್ಪೋರ್ಟ್ಸ್ ಕಾರುಗಳ ಫೋಟೋ ತೆಗೆಯುವುದು ಮಾತ್ರ ಪ್ರೀತಿಗೆ. ಗೋಕಾಕದಲ್ಲಿದ್ದ ನಮ್ಮ ಸೋದರಮಾವನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮದ್ರಾಸಿನಲ್ಲಿ ತಯಾರಾದ ಗಾಡಿ. ಅದರ ಬಾನೆಟ್ ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತಿತ್ತು. ಮಾವ ಅದನ್ನು ತೆರೆದಾಗಲೆಲ್ಲ ನಾನು ಓಡಿಹೋಗಿ ಮುಂದೆ ನಿಲ್ಲುತ್ತಿದ್ದೆ. ಆ ಕಾರಿನ ಆಕಾರ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1962ರಲ್ಲಿ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ ಅದರ ಮೇಲೆ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ತಂದರು. ಆಕಾರ ಅವನದೇ ಕೈಯದು, ಬಾನೆಟ್ ಕೂಡ ಹಾಗೇ ತೆರೆಯುತ್ತದೆ. ಹಾಗಾಗಿ ನಮ್ಮ ಊರಲ್ಲೇ ಒಂದು ಸ್ಪಿಟ್‌ಫೈರ್ ಇದೆ ಅಂತ ಯಾರೋ ಹೇಳಿದಾಗ ನನಗೆ ನಿದ್ದೆ ಬರಲಿಲ್ಲ. ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕಾರಿನ ಮಾಲೀಕ ನನ್ನ ಈ ಪ್ರೀತಿಯನ್ನೇ ಹಿಡಿದು ಆಡಿಸಿದ.

ಅವನ ಹೆಸರು ಬರೆಯುವುದಿಲ್ಲ. ಹಳೆ ಗಾಡಿ ಕೊಂಡು, ಮಾಡಿಸಿ, ಮಾರುವ ವ್ಯವಹಾರ. ದಸರಾ ಮುಗಿದ ವಾರ ತಿಲಕವಾಡಿಯಲ್ಲಿ ಚಹಾಕ್ಕೆ ಕರೆದ. ಬಹಳ ಮರ್ಯಾದೆಯ ಮಾತು. "ಸರ್ರ, ನಿಮ್ಮ ಕೆಲಸಾ ನೋಡೇನಿ. ನಮ್ಮವು ಮೂರು ಗಾಡಿ ಅದಾವು. ಮಾರಾಕ ಅಲ್ರಿ ಮತ್ತ. ನಮ್ಮ ಆಫೀಸ್ ಗ್ವಾಡಿಗೆ ದೊಡ್ಡ ದೊಡ್ಡ ಫೋಟೋ ಹಾಕಬೇಕಂತ ಆಸೆ ಐತಿ. ನೀವು ಹೆಂಗ ಬೇಕಾದ್ರೂ ಎಡಿಟ್ ಮಾಡ್ರಿ, ಪೇಂಟಿಂಗ್ ಇದ್ದಂಗ ಇರಬೇಕ ನೋಡ್ರಿ."

ಮಾರಾಕ ಅಲ್ರಿ. ಈ ಮಾತನ್ನು ನೆನಪಿಡಿ.

ಮೂರು ಗಾಡಿಗೆ 45,000 ರೂಪಾಯಿ ಅಂತ ಮಾತಾಯಿತು. 5,000 ಅಲ್ಲೇ ಫೋನ್‌ಪೇ ಮಾಡಿದ. ಕಾಗದ ಏನೂ ಇಲ್ಲ. ಬಾಯಿಮಾತು. ಮದುವೆ ಬುಕಿಂಗಿಗೆ ನಾನು ರಸೀದಿ ಪುಸ್ತಕ ಇಟ್ಟುಕೊಂಡಿದ್ದೇನೆ, ಇಲ್ಲಿ ಯಾಕೆ ಬರೆಸಿಕೊಳ್ಳಲಿಲ್ಲ? ಕಾರು ನೋಡಿದ ಖುಷಿಯಲ್ಲಿ ಮರೆತೆ.

ಉಳಿದ ಎರಡು ಗಾಡಿಗಳ ಮಾತು ಬಿಡಿ. ಸ್ಪಿಟ್‌ಫೈರ್‌ಗೆ ನಾನು ಪಟ್ಟ ಕಷ್ಟ ಕೇಳಿ. 1968ರ ಮಾಡೆಲ್, ಗೋವಾದಿಂದ ತಂದದ್ದು ಅಂದ. ಉದ್ಯಮಬಾಗದಲ್ಲಿ ಒಂದು ಖಾಲಿ ಶೆಡ್ ರಾತ್ರಿಗೆ ಬಾಡಿಗೆ ಹಿಡಿದೆ. ಬಾಡಿಗೆ 3,000 ನನ್ನ ಕೈಯಿಂದ. ಬಾಗಿಲು ಮುಚ್ಚಿ ಪೂರಾ ಕತ್ತಲು ಮಾಡಿ, ಕ್ಯಾಮೆರಾ ಟ್ರೈಪಾಡ್ ಮೇಲೆ ಇಟ್ಟು, ಒಂದೊಂದು ಫೋಟೋಕ್ಕೆ 15 ಸೆಕೆಂಡ್ ಕ್ಯಾಮೆರಾ ಕಣ್ಣು ತೆರೆದಿಟ್ಟೆ. ನಾನು ಕಪ್ಪು ಬಟ್ಟೆ ಹಾಕಿಕೊಂಡು ಉದ್ದದ ಎಲ್ಇಡಿ ಟ್ಯೂಬ್ ಹಿಡಿದು ಕಾರಿನ ಪಕ್ಕ ನಡೆಯಬೇಕು. ಒಂದು ಸಲಕ್ಕೆ ಬಾನೆಟ್ ಗೆರೆ, ಇನ್ನೊಂದು ಸಲಕ್ಕೆ ಬಾಗಿಲು, ಮತ್ತೊಂದು ಸಲಕ್ಕೆ ಚಕ್ರ. ನಡುವೆ ಟ್ರೈಪಾಡ್‌ಗೆ ಕಾಲು ತಾಗಿದರೆ ಎಲ್ಲ ಮೊದಲಿನಿಂದ. ಹೀಗೆ 18 ಫ್ರೇಮ್. ಅವನ್ನು ಫೋಟೋಶಾಪಿನಲ್ಲಿ ಒಂದರ ಮೇಲೊಂದು ಇಟ್ಟು ಎಲ್ಲದರ ಬೆಳಕಿನ ಭಾಗ ಮಾತ್ರ ಕಾಣುವ ಲೈಟನ್ ಮೋಡ್ ಹಾಕಿ, ಬೇಕಾದ ಬೆಳಕು ಉಳಿಸಿ ಬೇಡದ್ದನ್ನು ಮರೆ ಮಾಡಬೇಕು. ಆಗ ಕಾರಿನ ಮೈ ಮೇಲೆ ಬೆಳಕು ಎಣ್ಣೆ ಸುರಿದ ಹಾಗೆ ಹರಿಯುತ್ತದೆ. ಆ ಕೆಲಸ ಮಾಡಿದವರಿಗೇ ಗೊತ್ತು ಅದರ ಸುಖ.

ಮರುದಿನ ನಸುಕಿನಲ್ಲಿ ಕೋಟೆ ಕೆರೆ. ಮಂಜು ಇತ್ತು. ವೈಡ್ ಲೆನ್ಸ್ ಹತ್ತಿರ ಹಿಡಿದರೆ ಕಾರಿನ ಮೂಗು ಊದಿದಂತೆ ಬರುತ್ತದೆ, ಅದಕ್ಕೆ ದೂರ ನಿಂತು 135 ಎಂಎಂ ಉದ್ದ ಲೆನ್ಸಿನಲ್ಲಿ ತೆಗೆದೆ. ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿ ಗಾಜು, ಪೇಂಟಿನ ಮೇಲಿನ ಹೊಳಪು ತೆಗೆದೆ. ಕ್ರೋಮ್ ಬಂಪರ್‌ಗೆ ಪೋಲರೈಸರ್ ಕೆಲಸ ಮಾಡುವುದಿಲ್ಲ. ಅದರಲ್ಲಿ ನಾನು, ನನ್ನ ಹುಡುಗ, ಚಹಾ ಗಾಡಿ ಎಲ್ಲ ಕಾಣುತ್ತಿದ್ದೆವು. ಅದನ್ನೆಲ್ಲ ಕೈಯಿಂದ ಒಂದೊಂದೇ ಅಳಿಸಬೇಕಾಯಿತು. ಒಂಬತ್ತು ರಾತ್ರಿ ಕೂತು ಎಡಿಟ್ ಮಾಡಿದೆ. ಕರೆಂಟು ತಂತಿ ತೆಗೆದೆ. ಆಕಾಶಕ್ಕೆ ಸ್ವಲ್ಪ ನೀಲಿ, ನೆಲಕ್ಕೆ ಮಳೆ ಬಿದ್ದ ಹಾಗೆ ಹಸಿ. ಕೆಂಪನ್ನು ಇನ್ನೂ ಗಾಢ ಮಾಡಿದೆ. ಚಿತ್ರ ನೋಡಿ ನಮ್ಮ ಮನೆಯವಳು ಕೂಡ "ಇದು ಬೆಳಗಾವಿನೇನು?" ಅಂದಳು.

ಇಲ್ಲಿಂದ ಮೋಸ ಶುರು.

ಸಣ್ಣ ಸಣ್ಣ ಬೇಡಿಕೆ ಬರತೊಡಗಿದವು. ಮೊದಲು, "ಸರ್ರ, ಆ ಹಿಂದಿನ ಕಸದ ಡಬ್ಬಿ ತಗೀರಿ." ತೆಗೆದೆ. ಆಮೇಲೆ, "ಬಾನೆಟ್ ಮ್ಯಾಲೆ ಒಂದು ಕಲಿ ಐತಿ." ತೆಗೆದೆ. ಆಮೇಲೆ, "ಬಾಗಲ ಕೆಳಗ ಪುಟ್ಟಿ ಹಾಕಿದ್ದು ಕಾಣತೈತಿ, ಛಂದ ಅನ್ಸೂದಿಲ್ರಿ." ತೆಗೆದೆ. ಕೊನೆಗೆ, "ಬಾಗಲದ ಸಂದು ಒಂಚೂರು ಅಗಲ ಕಾಣತೈತಿ, ಸೀದಾ ಮಾಡ್ರಿ." ಅದನ್ನೂ ಎಳೆದು ನೇರ ಮಾಡಿದೆ. ಐದು ನಿಮಿಷದ ಕೆಲಸ.

ಆ ಐದು ನಿಮಿಷ ಈಗ ನನ್ನನ್ನು ತಿನ್ನುತ್ತಿದೆ. ಯಾಕೆಂದರೆ ನನಗೆ ಗೊತ್ತಿತ್ತು. ಸ್ಪಿಟ್‌ಫೈರ್‌ನ ಚಾಸಿ ನಡುವೆ ಬೆನ್ನುಮೂಳೆಯಂತೆ ಹೋಗುತ್ತದೆ, ಪಕ್ಕಕ್ಕೆ ಗಟ್ಟಿ ಕೊಡುವುದು ಬಾಗಿಲ ಕೆಳಗಿನ ಆ ಉದ್ದ ಪಟ್ಟಿಗಳು. ಗ್ಯಾರೇಜಿನವರು ಸಿಲ್ ಅನ್ನುತ್ತಾರೆ. ಅವು ಜಂಗು ತಿಂದರೆ ಬಾಡಿ ನಡುವೆ ಕುಸಿಯುತ್ತದೆ. ಆಗ ಬಾಗಿಲ ಸಂದು ಮೇಲೆ ಕೂಡಿಕೊಳ್ಳುತ್ತದೆ, ಕೆಳಗೆ ಬಾಯಿ ಬಿಡುತ್ತದೆ. ಗೋವಾದ ಉಪ್ಪು ಗಾಳಿ ಕುಡಿದ ಕಾರು ಅದು. ಸಂದು ಹಾಗೇ ಇತ್ತು. ಕಂಡರೂ ಗೋಡೆ ಮೇಲೆ ಹಾಕುವ ಚಿತ್ರ ತಾನೆ ಅಂದುಕೊಂಡೆ. ಮಾರಾಕ ಅಲ್ರಿ ಅಂದಿದ್ದ ತಾನೆ.

ನಾನು ಹೆಸರಿನ ಗುರುತು ಹಾಕಿದ ಸಣ್ಣ ಫೈಲ್‌ಗಳನ್ನೇ ಕಳಿಸುತ್ತಿದ್ದೆ. ಪೂರ್ತಿ ದುಡ್ಡು ಬಂದ ಮೇಲೆ ದೊಡ್ಡವು ಅಂತ ಹೇಳಿದ್ದೆ. ಒಂದು ಸಂಜೆ ಏಳಕ್ಕೆ ಫೋನ್. "ಸರ್ರ, ಪ್ರಿಂಟ್ ಮಾಡಾಂವ ಮುಂದ ಕುಂತಾನ್ರಿ. ನಾಳೆ ಅಂಗಡಿ ಬಂದ್. ಒಂದ ಫೋಟೋ ಟೆಸ್ಟ್ ಮಾಡೂಣಂತ, ನಾಕ್ ಫೂಟಿಂದು. ಹೆಸರಿಲ್ದ ದೊಡ್ಡದು ಈಗಿಂದೀಗ ಕಳಸ್ರಿ. ರೊಕ್ಕ ಪಾಡ್ಯಾಕ್ಕ ನಿಮ್ಮ ಮನಿಗೇ ತಂದು ಕೊಡ್ತೇನಿ." ಒಂದೇ ಫೋಟೋ ಅಲ್ವಾ ಅಂತ ಕೆರೆಯ ಆ ಫೋಟೋವನ್ನೇ ಕಳಿಸಿದೆ. ಡಾಕ್ಯುಮೆಂಟ್ ಮಾಡಿ ಕಳಿಸಿದೆ, ಕ್ವಾಲಿಟಿ ಹೋಗಬಾರದು ಅಂತ.

ಪಾಡ್ಯಕ್ಕೆ ಮನೆಗೆ ಬಂದದ್ದು ಒಂದು ಡಬ್ಬಿ ಕುಂದಾ. ಅದೂ ಹುಡುಗನ ಕೈಯಲ್ಲಿ. ಫೋನ್ ಮಾಡಿದರೆ, "ತುಳಸಿ ಲಗ್ನ ಆಗ್ಲಿರಿ." ತುಳಸಿ ಲಗ್ನವೂ ಆಯಿತು. ಆಮೇಲೆ ಫೋನೇ ಎತ್ತಲಿಲ್ಲ.

ಆಮೇಲೊಂದು ಭಾನುವಾರ ಗುರುತಿಲ್ಲದ ನಂಬರ್. ಹುಬ್ಬಳ್ಳಿಯ ಒಬ್ಬ ಹಿರಿಯರು. ನಿವೃತ್ತರು. ಬಹಳ ಸಮಾಧಾನದ ದನಿ.

"ನಮಸ್ಕಾರ್ರಿ. ಕೆಂಪು ಗಾಡಿ ಫೋಟೋ ತಗದವ್ರು ನೀವೇನ್ರಿ?"

ಹೌದು ಅಂದೆ. ಖುಷಿಯಿಂದಲೇ ಅಂದೆ. ಯಾರೋ ಮೆಚ್ಚಿ ಕರೆದಿದ್ದಾರೆ ಅಂದುಕೊಂಡೆ.

"ನಿಮ್ಮ ಫೋಟೋದಾಗ ಬಾಗಲಾ ಬರೋಬ್ಬರಿ ಕುಂತೈತಿ. ಇಲ್ಲಿ ಗಾಡ್ಯಾಗ ನನ್ನ ಬೆರಳು ಹೋಗಾಕತ್ತೈತಿ. ಯಾವುದು ಖರೇರಿ?"

ನನಗೆ ಮಾತೇ ಹೊರಡಲಿಲ್ಲ. ಕೈ ಬೆವರಿತು. ಅವರು ಆ ಫೋಟೋ ನೋಡಿ ಒಂದು ಲಕ್ಷ ಮುಂಗಡ ಕೊಟ್ಟಿದ್ದರು. ಕಾರು ನೋಡಲು ಬಂದು, ಜೊತೆಗೆ ಕರೆತಂದ ಮೆಕ್ಯಾನಿಕ್ ಬಾಗಿಲ ಕೆಳಗೆ ಸ್ಕ್ರೂಡ್ರೈವರ್ ಒತ್ತಿದ್ದಾನೆ. ಪುಟ್ಟಿ ಒಡೆದು ಸ್ಕ್ರೂಡ್ರೈವರ್ ಒಳಗೇ ಹೋಗಿದೆ. ನನ್ನ ನಂಬರ್ ಹೇಗೆ ಸಿಕ್ಕಿತು ಅಂದರೆ, ನನ್ನ ಕ್ಯಾಮೆರಾದಲ್ಲಿ ಹಕ್ಕುದಾರನ ಜಾಗದಲ್ಲಿ ಹೆಸರು, ನಂಬರ್ ತುಂಬಿಟ್ಟಿದ್ದೇನೆ. ಅದು ಫೋಟೋ ಮೇಲೆ ಕಾಣದಿದ್ದರೂ ಫೈಲ್ ಒಳಗೆ ಇರುತ್ತದೆ. ಫೈಲ್ ಹಾಗೇ ಕೈಯಿಂದ ಕೈಗೆ ಹೋಗಿದೆ. ಅವರ ಮಗ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ್ದಾನೆ. ಮಾರುವವನ ಹೆಸರು ಎಲ್ಲೂ ಇಲ್ಲ. ನನ್ನದೊಂದೇ ಹೆಸರು ಇರುವುದು.

ಸಂಜೆ ನೇರ ಅವನ ಶೆಡ್ಡಿಗೆ ಹೋದೆ. ಅವನು ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮಾರಲು ಅಲ್ಲ ಅಂದಿದ್ದಿರಲ್ಲ ಅಂದೆ. "ಆವಾಗ ಮಾರಾಕ ಇರಲಿಲ್ಲ. ಈಗ ಗಿರಾಕಿ ಬಂದ್ರು."

ತಿದ್ದಿದ ಫೋಟೋ ತೋರಿಸಿ ದುಡ್ಡು ತೆಗೆದುಕೊಳ್ಳುವುದು ಮೋಸ ಅಲ್ವಾ ಅಂದೆ. "ಏನ್ ಮಾತಾಡ್ತೀರಿ ಸರ್ರ. ಲಗ್ನದ ಫೋಟೋದಾಗ ಮದುಮಗಳ ಮಾರಿ ನೀವು ಬೆಳ್ಳಗ ಮಾಡೂದಿಲ್ಲೇನು? ಫೋಟೋ ಅಂದಮ್ಯಾಲ ಎಡಿಟಿಂಗ್ ಇರೂದ."

ನನ್ನ 40,000 ಕೊಡಿ ಅಂದೆ. "ನಿಮ್ಮ ಹೆಸರು ಫೋಟೋದಾಗ ಇದ್ದದ್ದಕ್ಕ ಗಿರಾಕಿ ತಿರುಗಿ ಬಿದ್ದ. ನಷ್ಟ ನಂದು. ನೀವ ನನಗ ಕೊಡಬೇಕು."

ಆಮೇಲೆ ಕುರ್ಚಿಯಿಂದ ಏಳುತ್ತಾ ಹೇಳಿದ. "ಗಾಡಿ ನಂದು, ಖರೆ. ಆದ್ರ ತಿದ್ದಿದ್ದು ನೀವು. ನಾ ಅಲ್ಲ. ಯಾರ ಹತ್ರ ಬೇಕಾದ್ರೂ ಹೋಗ್ರಿ."

ತಿದ್ದಿದ್ದು ನೀವು. ಬೈಕ್ ಸ್ಟಾರ್ಟ್ ಮಾಡಲೂ ಕೈ ನಡುಗುತ್ತಿತ್ತು. ದುಡ್ಡು ಹೋದದ್ದು ಒಂದು ನೋವು. ಆದರೆ ನಾನು ಅಷ್ಟು ಪ್ರೀತಿಯಿಂದ ಮಾಡಿದ ಚಿತ್ರ ಒಬ್ಬ ಹಿರಿಯರ ಜೇಬಿಗೆ ಕತ್ತರಿ ಹಾಕಲು ಬಳಕೆಯಾಯಿತು. ಇದು ಹೇಗೆ ನುಂಗಲಿ?

ಪರಿಚಯದ ವಕೀಲರನ್ನು ಕೇಳಿದೆ. ಅವರು ಹೇಳಿದ್ದು ಕೇಳಿ ಇನ್ನೂ ಕುಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಫೋಟೋದ ಮೊದಲ ಹಕ್ಕು ಸಾಮಾನ್ಯವಾಗಿ ತೆಗೆದವನದು. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಹಕ್ಕು ತೆಗೆಸಿದವನದು. ಅವನು ಕೊಟ್ಟದ್ದು ಬರೀ 5,000, ಆದರೂ ವಾದಕ್ಕೆ ಅದು ಸಾಕು. ನನ್ನ ಹತ್ತಿರ ಒಂದು ಸಾಲು ಕಾಗದ ಇಲ್ಲ. "ಗೋಡೆಗೆ ಮಾತ್ರ, ಮಾರಾಟಕ್ಕೆ ಅಲ್ಲ" ಅಂತ ಒಂದು ವಾಟ್ಸಾಪ್ ಮೆಸೇಜ್ ಇದ್ದಿದ್ದರೂ ಹಿಡಿದು ಮಾತಾಡಬಹುದಿತ್ತಂತೆ. ಅವನು ಎಲ್ಲ ಮಾತೂ ಎದುರಿಗೆ, ಇಲ್ಲವೇ ಫೋನಿನಲ್ಲಿ ಆಡಿದ್ದ. ಬಾಗಿಲ ಸಂದು ಸೀದಾ ಮಾಡ್ರಿ ಅಂದದ್ದು ಕೂಡ ಫೋನಿನಲ್ಲೇ. ಈಗ ಅರ್ಥವಾಗುತ್ತಿದೆ ಯಾಕೆ ಅಂತ.

ಹುಬ್ಬಳ್ಳಿಯ ಹಿರಿಯರಿಗೆ ತಿದ್ದದ ಮೂಲ ಫೋಟೋಗಳನ್ನು ಅದೇ ರಾತ್ರಿ ಕಳಿಸಿದೆ. ಕ್ಷಮೆ ಕೇಳಿದೆ. ಅವರು ಅವನ್ನು ತೋರಿಸಿ ಪಟ್ಟು ಹಿಡಿದ ಮೇಲೆ 60,000 ವಾಪಸ್ ಬಂದಿದೆ. ಇನ್ನೂ 40,000 ಬರಬೇಕು. ನನಗೂ 40,000. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಚೊಲೊ ಇತ್ತು.

ಫೋಟೋ ತೆಗೆಯುವ ಗೆಳೆಯರಿಗೆ ಇಷ್ಟೇ ಹೇಳುವುದು. ಮಾಲೀಕ ಎಷ್ಟೇ ನಯವಾಗಿ ಮಾತಾಡಲಿ, ಫೋಟೋ ಯಾವುದಕ್ಕೆ ಅಂತ ಬರೆಸಿಕೊಳ್ಳಿ. ಆಕಾಶ ಬದಲಿಸಿ, ನೆಲ ಬದಲಿಸಿ, ಅದು ನಮ್ಮ ಕಲೆ. ಜಂಗು, ಪುಟ್ಟಿ, ಬಾಗಿಲ ಸಂದು ಮುಟ್ಟಬೇಡಿ. ಮುಟ್ಟಲೇಬೇಕಾದರೆ ತಿದ್ದಿದ ಚಿತ್ರ ಅಂತ ಫೋಟೋ ಮೇಲೇ ಬರೆಯಿರಿ. ಪ್ರಿಂಟ್ ಅಂಗಡಿಯವನು ಕುಂತಿದ್ದಾನೆ ಅಂದರೆ ಅವನ ನಂಬರ್ ಕೊಡಿ ಅನ್ನಿ, ನೀವೇ ಅವನಿಗೆ ಕಳಿಸಿ. ರಾ ಫೈಲ್, ಅಂದರೆ ಕ್ಯಾಮೆರಾದ ತಿದ್ದದ ಮೂಲ ಫೈಲ್ ಅಳಿಸಬೇಡಿ, ನನ್ನನ್ನು ಸ್ವಲ್ಪವಾದರೂ ಉಳಿಸಿದ್ದು ಅದೊಂದೇ.

ಕಾರು ಕೊಳ್ಳುವವರು ಫೋಟೋ ನೋಡಿ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಕಾರಿಗೆ ವಿಂಟೇಜ್ ನಂಬರ್ ಸಿಗ್ತೈತಿ ಅಂತಲೂ ಅವನು ಹೇಳುತ್ತಿದ್ದಾನೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರ್ ಇದೆ, ನಿಜ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಜಾಸ್ತಿ ಬದಲಾಗಿರಬಾರದು. ಇದರಲ್ಲಿ ಎಷ್ಟು ಮೂಲ ಉಳಿದಿದೆಯೋ ಕೆಳಗೆ ಮಲಗಿ ನೋಡಿ.

ನಿನ್ನೆ ಬಂದ ಮೆಸೇಜಿನಲ್ಲಿ ಫೋಟೋದ ಬಲಗಡೆ ಮೂಲೆ ಕತ್ತರಿಸಿದ್ದಾರೆ, ಕೋಟೆ ಗೋಡೆ ಅರ್ಧ ಕಾಣುತ್ತದೆ. ಅದೇ ಫೋಟೋ. ಆ ಬೆಳಿಗ್ಗೆ ತೆಗೆದ 212 ಫ್ರೇಮುಗಳು ತಿದ್ದದೆ ನನ್ನ ಹತ್ತಿರ ಇವೆ. ಬಾಗಿಲ ಸಂದು, ಪುಟ್ಟಿ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಯಾರಿಗಾದರೂ ಆ ಕಾರು ತೋರಿಸಿದ್ದರೆ ನನ್ನನ್ನು ಕೇಳಿ. ರಾತ್ರಿ ಎಷ್ಟು ಹೊತ್ತಾದರೂ ಕಳಿಸುತ್ತೇನೆ.