486 ಎಂದರೆ ಯಾವ 486? ಗುರುತು ಹಿಡಿಯುವ ದಾರಿಗಳ ಹೋಲಿಕೆ

486 ಎಂಬುದು ಹಳೆ ಪಿಸಿಗಳ ಪ್ರೊಸೆಸರ್ ಚಿಪ್ಪುಗಳ ಒಂದು ಕುಟುಂಬ; ಡಿಎಕ್ಸ್, ಎಸ್‌ಎಕ್ಸ್, ಡಿಎಕ್ಸ್2 ಮೊದಲಾದವು ಅದರ ಜಾತಿಗಳು. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕ ಹಳೆ ಪಿಸಿ ಇರಲಿ, ಡೊಂಬಿವಲಿಯ ನಮ್ಮವರ ಮನೆಯ ಅಟ್ಟದಿಂದ ಇಳಿಸಿದ್ದಿರಲಿ, ಕ್ಯಾಬಿನೆಟ್ಟಿನ ಮುಂದೆ ವೇಗವೆಂದು (ಮೆಗಾಹರ್ಟ್ಸ್) ಹೊಳೆಯುವ ‘66’ ಅನ್ನು ನಂಬಬೇಡಿ. ಆ ಡಿಸ್‌ಪ್ಲೇ ಏನನ್ನೂ ಅಳೆಯುವುದಿಲ್ಲ. ಅದರ ಹಿಂದಿನ ಜಂಪರ್‌ಗಳನ್ನು (ಪಿನ್ನುಗಳನ್ನು ಜೋಡಿಸುವ ಪುಟ್ಟ ಕ್ಯಾಪುಗಳು) ಹೇಗೆ ಕೂರಿಸಿದ್ದಾರೋ ಆ ಅಂಕಿ ಬರುತ್ತದೆ, ಅಷ್ಟೆ. ಉಳಿಯುವುದು ಮೂರು ದಾರಿ: ಚಿಪ್ಪಿನ ಮೇಲಿನ ಬರಹ, ಪಿಸಿ ಆನ್ ಆದ ಕೂಡಲೇ ಓಡುವ ಬಯೋಸ್ ತೋರಿಸುವ ಹೆಸರು, ಡಾಸ್‌ನ ಪರೀಕ್ಷಾ ಪ್ರೋಗ್ರಾಂ.

ಕರೆಂಟ್ ಕೊಡುವ ಮೊದಲು ಕೈಯಲ್ಲಿರುವುದು ಬರಹವೊಂದೇ, ವೋಲ್ಟೇಜ್ ತಿಳಿಯಬೇಕಾದದ್ದೂ ಆಗಲೇ. 1989ರ ಡಿಎಕ್ಸ್, 1991ರ ಎಸ್‌ಎಕ್ಸ್, 1992ರ ಇಂಟೆಲ್ ಡಿಎಕ್ಸ್2 ಸಾಮಾನ್ಯವಾಗಿ 5 ವೋಲ್ಟಿನವು. 1994ರ ಡಿಎಕ್ಸ್4, 1995ರ ಎಎಂಡಿ 5ಎಕ್ಸ್86 ಎರಡಕ್ಕೂ ಬೇಕಾದದ್ದು 3.3ರಿಂದ 3.45 ವೋಲ್ಟ್. ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಇಲ್ಲದ 5 ವೋಲ್ಟಿನ ಸಾಕೆಟ್ಟಿಗೆ ಇವನ್ನು ಹಾಕಿದರೆ ಚಿಪ್ ಸುಟ್ಟುಹೋಗಬಹುದು. ಹೀಟ್‌ಸಿಂಕ್ ಅಂಟಿಸಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಚಿಪ್ಪನ್ನು ಹೊರತೆಗೆದು, ಅಂಚು ಹಿಡಿದು, ಹೀಟ್‌ಸಿಂಕನ್ನು ನಿಧಾನವಾಗಿ ತಿರುಚಿ. ಲಿವರ್ ಇಲ್ಲದ ಸಾಕೆಟ್ಟಾದರೆ ನಾಲ್ಕೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒಂದೇ ಬದಿಯಿಂದ ಎತ್ತಿದರೆ ಪಿನ್ನುಗಳು ಬಾಗುತ್ತವೆ. ಮತ್ತೆ ಕೂರಿಸುವಾಗ ಕತ್ತರಿಸಿದ ಮೂಲೆಯನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ.

ಬರಹಕ್ಕೂ ಒಂದು ದೋಷವಿದೆ. ಆ ಕಾಲದಲ್ಲಿ ಕಡಿಮೆ ವೇಗದ ಚಿಪ್ಪನ್ನು ಉಜ್ಜಿ, ಹೆಚ್ಚಿನ ಅಂಕಿ ಅಚ್ಚು ಹಾಕಿ ಮಾರುವ ದಂಧೆ ನಡೆಯುತ್ತಿತ್ತು. ಬೆಳಕನ್ನು ಓರೆಯಾಗಿ ಹಿಡಿದು ನೋಡಿ: ಉಜ್ಜಿದ ಗೆರೆಗಳು, ಸೊಟ್ಟ ಅಕ್ಷರ ಕಂಡರೆ ಅನುಮಾನಿಸಿ. ಇದನ್ನು ಪ್ರೋಗ್ರಾಂ ಹಿಡಿಯಲಾರದು. ಚಿಪ್ ಈಗ ಯಾವ ವೇಗದಲ್ಲಿ ಓಡುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಕಾರ್ಖಾನೆ ಎಷ್ಟಕ್ಕೆ ಪಾಸು ಮಾಡಿತ್ತು ಎಂಬುದಲ್ಲ.

ಮೂರು ದಾರಿಗಳಲ್ಲಿ ಬಯೋಸೇ ಅತಿ ದುರ್ಬಲ. ಚಿಪ್ಪಿಗಿಂತ ಹಳೆಯ ಬಯೋಸ್ ತನಗೆ ಗೊತ್ತಿರುವ ಹೆಸರನ್ನೇ ಹೇಳುತ್ತದೆ; 5ಎಕ್ಸ್86 ಅನ್ನು ಡಿಎಕ್ಸ್4 ಎಂದು ತೋರಿಸುವುದು ಮಾಮೂಲು.

ಚಿಪ್ಪಿನ ಜಾತಿ ತಿಳಿಯಲು ಮಾತ್ರ ನಮ್ಮ ಮತ ಡಾಸ್ ಪ್ರೋಗ್ರಾಮಿಗೇ. ಎಂಎಸ್-ಡಾಸ್ 6ರಲ್ಲಿ ಬೂಟ್ ಆಗುವಾಗ ಎಫ್5 ಒತ್ತಿ, ಮೆಮೊರಿ ನಿರ್ವಹಿಸುವ ಇಎಂಎಂ386 ಲೋಡ್ ಆಗದಂತೆ ನೋಡಿಕೊಳ್ಳಿ. ಪೂರ್ಣ ವೇಗ ಕೊಡುವ ಟರ್ಬೊ ಗುಂಡಿ ಆನ್ ಇರಲಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಗಣಿತದ ಕೊಪ್ರೊಸೆಸರ್ ಇಲ್ಲವೆಂದು ಪ್ರೋಗ್ರಾಂ ಹೇಳಿದರೆ ಬಹುಮಟ್ಟಿಗೆ ಎಸ್‌ಎಕ್ಸ್. ಆದರೆ ಪಕ್ಕದ ಸಾಕೆಟ್ಟಿನಲ್ಲಿ 487ಎಸ್‌ಎಕ್ಸ್ ಇದ್ದರೆ ಉತ್ತರ ಡಿಎಕ್ಸ್ ಎಂದೇ ಬರುತ್ತದೆ, ಏಕೆಂದರೆ ಅದು ಪೂರ್ಣ ಪ್ರೊಸೆಸರ್. ಮೊದಲಿನ ಚಿಪ್ಪನ್ನು ಸುಮ್ಮನಾಗಿಸಿ ತಾನೇ ಕೆಲಸ ಮಾಡುತ್ತದೆ. ಸಿಪಿಯುಐಡಿ, ಅಂದರೆ ತನ್ನ ಗುರುತು ತಾನೇ ಹೇಳುವ ಸೂಚನೆ, ಇರುವ ಇಂಟೆಲ್ ಚಿಪ್ಪುಗಳಲ್ಲಿ ಫ್ಯಾಮಿಲಿ 4, ಮಾಡೆಲ್ 3 ಎಂದರೆ ಡಿಎಕ್ಸ್2, ಮಾಡೆಲ್ 8 ಎಂದರೆ ಡಿಎಕ್ಸ್4. ಆರಂಭದ 486ಗಳಲ್ಲಿ ಈ ಸೂಚನೆಯೇ ಇಲ್ಲ, ಆಗ ಪ್ರೋಗ್ರಾಂ ಊಹಿಸುತ್ತದೆ.

5ಎಕ್ಸ್86ರ ಮೇಲೆ ‘ಪಿ75’ ಎಂದಿರುವುದು ಮೆಗಾಹರ್ಟ್ಸ್ ಅಲ್ಲ, ಪೆಂಟಿಯಂ 75ಕ್ಕೆ ಸಮವೆಂಬ ಕಂಪನಿಯ ಹೇಳಿಕೆ. ನಿಜವಾದ ವೇಗ 133, ಅಂದರೆ ಮದರ್‌ಬೋರ್ಡಿನ 33ರ ನಾಲ್ಕು ಪಟ್ಟು; ಈ ಪಟ್ಟೇ ಗುಣಕ. ಅಳತೆ 100 ಎಂದು ಬಂದರೆ ಗುಣಕದ ಜಂಪರನ್ನು 3ರಿಂದ 2ಕ್ಕೆ ಬದಲಿಸಿ. ಈ ಚಿಪ್ 2ರ ಸೆಟ್ಟಿಂಗನ್ನು 4 ಎಂದು ಓದುತ್ತದೆ.